ಹಣೆಬರಹ ಮತ್ತು ಜೇಬಿನ ಚೀಟಿ

'ಹಣ' ಬರೆಯುವಾಗ 'ಹ'ಗೆ ಒಂದು ಏತ್ವ ಜಾಸ್ತಿ ಬಿದ್ದರೆ ಅದು 'ಹೆಣ' ಆಗುತ್ತೆ. ಉಳಿದ ವಾಕ್ಯ ಹಾಗೇ ಇರುತ್ತೆ, ಕಾಗದ ಅದೇ, ಪೆನ್ನು ಅದೇ. ಆದರೆ "ಸಂಜೆ ಹಣ ತಗೊಂಡು ಮನೆಗೆ ಬರ್ತೀನಿ" ಅನ್ನೋ ಚೀಟಿ ಓದಿದವರ ಎದೆ ಧಸಕ್ಕನೆ ಕುಸಿಯುತ್ತೆ. ಕೋಡ್ ಬರೆದು ಹೊಟ್ಟೆ ಹೊರೆಯೋ ನಮ್ಮಂಥವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಚುಕ್ಕೆ, ಒಂದು ಕಾಮಾ ಆಚೀಚೆ ಆಗಿದ್ದಕ್ಕೆ ರಾತ್ರಿಯೆಲ್ಲಾ ನಿದ್ದೆಗೆಟ್ಟವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಮ್ಮ ಮೈಯೊಳಗೂ ಇಂಥದ್ದೇ ಬರವಣಿಗೆ ನಡೀತಾ ಇರುತ್ತೆ. ಪ್ರೋಟೀನ್ ಅಂದ್ರೆ ಜಿಮ್ಮಿಗೆ ಹೋಗೋರು ಡಬ್ಬದಲ್ಲಿ ತರೋ ಪುಡಿ ಅಂತ ನಮ್ಮಲ್ಲಿ ಅರ್ಥ ಆಗಿಬಿಟ್ಟಿದೆ. ನಿಜವಾಗಿ ಪ್ರೋಟೀನ್ ಒಂದು ಉದ್ದನೆಯ ಪದ ಇದ್ದ ಹಾಗೆ. ಅದನ್ನು ಬರೆಯೋ ವರ್ಣಮಾಲೆಯಲ್ಲಿ ಮುಖ್ಯವಾಗಿ 20 ಅಕ್ಷರ. ಅವೇ ಅಮೈನೋ ಆಮ್ಲಗಳು. ಯಾವ ಅಕ್ಷರದ ಪಕ್ಕ ಯಾವುದು ಬಂತು ಅನ್ನೋದರ ಮೇಲೆ ಆ ಸರಪಳಿ ಹೇಗೆ ಮಡಚಿಕೊಳ್ಳುತ್ತೆ, ಏನು ಕೆಲಸ ಮಾಡುತ್ತೆ ಅನ್ನೋದು ತೀರ್ಮಾನ ಆಗುತ್ತೆ. ರಕ್ತಕ್ಕೆ ಕೆಂಪು ಬಣ್ಣ ಕೊಟ್ಟು ಆಮ್ಲಜನಕ ಹೊರೋ ಹಿಮೋಗ್ಲೋಬಿನ್ ಅಂಥದ್ದೊಂದು ಪ್ರೋಟೀನ್. ದೊಡ್ಡವರ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಸರಪಳಿ: 141 ಅಕ್ಷರದ ಎರಡು ಆಲ್ಫಾ, 146 ಅಕ್ಷರದ ಎರಡು ಬೀಟಾ. ಒಟ್ಟು 574.

ಈ ಬೀಟಾ ಸರಪಳಿಯ ಆರನೇ ಜಾಗದಲ್ಲಿ ಸಾಮಾನ್ಯವಾಗಿ ಇರೋದು ಗ್ಲುಟಾಮಿಕ್ ಆಮ್ಲ. ಅದಕ್ಕೆ ನೀರು ಅಂದ್ರೆ ಇಷ್ಟ. ಕೆಲವರಲ್ಲಿ ಅದರ ಬದಲು ವ್ಯಾಲೀನ್ ಇರುತ್ತೆ. ಇದಕ್ಕೆ ನೀರು ಕಂಡ್ರೆ ಆಗಲ್ಲ. ಹಿಮೋಗ್ಲೋಬಿನ್ ತನ್ನ ಆಮ್ಲಜನಕ ಇಳಿಸಿ ಖಾಲಿಯಾದಾಗ ಅದರ ಆಕಾರ ಸ್ವಲ್ಪ ಬದಲಾಗುತ್ತೆ. ಆಗ ಪಕ್ಕದ ಅಣುವಿನಲ್ಲಿ ನೀರಿನಿಂದ ಮರೆಯಾದ ಒಂದು ಸಂದು ಸಿಗುತ್ತೆ, ಈ ವ್ಯಾಲೀನ್ ಹೋಗಿ ಅಲ್ಲಿ ಕೂತ್ಕೊಳ್ಳುತ್ತೆ. ಒಂದಕ್ಕೊಂದು ಅಂಟಿ, ಅದಕ್ಕೆ ಇನ್ನೊಂದು ಅಂಟಿ, ಹಗ್ಗ ಹೊಸೆದ ಹಾಗೆ ಉದ್ದಕ್ಕೆ ಬೆಳೆಯುತ್ತೆ. ಒಳಗಿನಿಂದ ಹಗ್ಗ ತಳ್ಳಿದ್ದಕ್ಕೆ ದುಂಡಗಿನ ಕೆಂಪು ಕಣ ಕುಡುಗೋಲಿನ ಹಾಗೆ ಬಾಗುತ್ತೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಂಡು, ಮೂಳೆ ಮೂಳೆಯಲ್ಲೂ ತಡೆಯಲಾರದ ನೋವು. 120 ದಿನ ಬದುಕಬೇಕಾದ ಕಣ 10-20 ದಿನಕ್ಕೇ ಸಾಯುತ್ತೆ. ಇದು ಸಿಕಲ್ ಸೆಲ್ ಕಾಯಿಲೆ.

ಷಿಕಾಗೋದಲ್ಲಿ ದಂತವೈದ್ಯ ಓದೋಕೆ ಗ್ರೆನಡಾ ದ್ವೀಪದಿಂದ ಬಂದಿದ್ದ ಹುಡುಗನೊಬ್ಬನ ರಕ್ತದಲ್ಲಿ ಕಂಡ ಈ ವಿಚಿತ್ರ ಆಕಾರದ ಕಣಗಳ ಬಗ್ಗೆ ಜೇಮ್ಸ್ ಹೆರಿಕ್ ಅನ್ನೋ ವೈದ್ಯ 1910ರಲ್ಲಿ ಬರೆದ. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು, ತೊಂದರೆ ಇರೋದು ಹಿಮೋಗ್ಲೋಬಿನ್ ಅಣುವಿನಲ್ಲೇ ಅಂತ ತೋರಿಸಿ ಇದನ್ನು 'ಅಣುವಿನ ಕಾಯಿಲೆ' ಅಂತ ಕರೆದರು. ಬದಲಾಗಿರೋದು ಒಂದೇ ಅಮೈನೋ ಆಮ್ಲ ಅಂತ ಕೇಂಬ್ರಿಜ್‌ನ ವರ್ನನ್ ಇಂಗ್ರಾಮ್ 1957ರಲ್ಲಿ ತಿಳಿಸಿದ. ಮನುಷ್ಯನ ನೋವಿನ ಮೂಲವನ್ನ ಅಷ್ಟು ಕರಾರುವಾಕ್ಕಾಗಿ, ಬೆರಳಿಟ್ಟು ತೋರಿಸಿದ್ದು ಅದೇ ಮೊದಲು.

ಬಗ್ ಸಿಕ್ತು. ಲೈನ್ ನಂಬರ್ ಸಮೇತ ಸಿಕ್ತು. ಇನ್ನೇನು ಉಳಿದಿದೆ ಅಂತ ನಮಗೆ ಅನ್ಸೋದು ಸಹಜ. ನನಗೆ ಕಾಡೋ ಪ್ರಶ್ನೆ ಶುರುವಾಗೋದು ಇಲ್ಲಿಂದಲೇ. ಒಬ್ಬ ಮನುಷ್ಯನ ಒಳಗಿನ ಅಕ್ಷರವನ್ನ ಓದೋಕೆ ಬಂದಮೇಲೆ, ಅದನ್ನ ಯಾರು ಓದಬೇಕು? ಎಲ್ಲಿ ಬರೆದಿಡಬೇಕು?

ಅದಕ್ಕೂ ಮುಂಚೆ ಇನ್ನೊಂದು ವಿಷಯ ಇತ್ಯರ್ಥ ಆಗಬೇಕು. ಇದು ನಿಜವಾಗಿ ತಪ್ಪಕ್ಷರವೇ? ಪ್ರತಿಯೊಬ್ಬರಿಗೂ ಈ ಜೀನ್‌ನ ಎರಡು ಪ್ರತಿ ಇರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎರಡರಲ್ಲೂ ಅಕ್ಷರ ಬದಲಾಗಿದ್ದರೆ ಕಾಯಿಲೆ. ಒಂದರಲ್ಲಿ ಮಾತ್ರ ಬದಲಾಗಿದ್ದರೆ ಅವರನ್ನು ವಾಹಕರು, ಕ್ಯಾರಿಯರ್ ಅಂತಾರೆ. ಸಾಮಾನ್ಯವಾಗಿ ಅವರು ಎಲ್ಲರ ಹಾಗೇ ಆರೋಗ್ಯವಾಗಿ ಬದುಕ್ತಾರೆ. ಕೀನ್ಯಾದಲ್ಲಿ ಬೆಳೆದ ಆಂಥನಿ ಆಲಿಸನ್ ಅನ್ನೋ ವಿಜ್ಞಾನಿ 1954ರಲ್ಲಿ ಒಂದು ಸೋಜಿಗ ಬಯಲು ಮಾಡಿದ. ಮಲೇರಿಯಾ ಇರೋ ಸೀಮೆಗಳಲ್ಲಿ ಈ ಒಂದೇ ಪ್ರತಿ ಇರೋ ಮಕ್ಕಳಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತೆ. ಅಂದ್ರೆ ಸೊಳ್ಳೆ ಇರೋ ಊರಲ್ಲಿ ಇದು ಮಗುವನ್ನ ಉಳಿಸೋ ಅಕ್ಷರ. ಆಫ್ರಿಕಾ, ಮೆಡಿಟರೇನಿಯನ್ ತೀರ, ಅರಬ್ ನಾಡು, ಭಾರತ, ಹೀಗೆ ಮಲೇರಿಯಾ ಇದ್ದ ಕಡೆಯೆಲ್ಲಾ ಇದು ಉಳಿದುಕೊಂಡು ಬಂತು. ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟುಗಳಲ್ಲಿ ಇದು ಇರೋದು 1952ರಲ್ಲೇ ಗೊತ್ತಾಗಿತ್ತು. ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳಲ್ಲೂ ಇದು ಇದೆ.

ಅದೂ ಅಲ್ಲದೆ, ಎರಡೂ ಪ್ರತಿ ಬದಲಾದವರೆಲ್ಲರ ಪಾಡೂ ಒಂದೇ ಅಲ್ಲ. ಹೊಟ್ಟೆಯಲ್ಲಿರೋ ಮಗುವಿಗೆ ಬೇರೆ ಥರದ ಹಿಮೋಗ್ಲೋಬಿನ್ ಇರುತ್ತೆ. ಹುಟ್ಟಿದ ಮೇಲೆ ಅದು ಕಮ್ಮಿಯಾಗುತ್ತೆ. ಕೆಲವರಲ್ಲಿ ಅದು ದೊಡ್ಡವರಾದ ಮೇಲೂ ಚೆನ್ನಾಗಿಯೇ ಉಳಿದಿರುತ್ತೆ. ಅಂಥವರಿಗೆ ಕಾಯಿಲೆಯ ಕಾಟ ಸಾಮಾನ್ಯವಾಗಿ ಕಡಿಮೆ. ಭಾರತದ ಎಷ್ಟೋ ರೋಗಿಗಳಲ್ಲಿ ಹೀಗಿದೆ. 2023ರಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾಸ್ಜೆವಿ ಅನ್ನೋ ಜೀನ್ ಚಿಕಿತ್ಸೆ ಮಾಡೋದೂ ಇದನ್ನೇ. ಆ ಆರನೇ ಅಕ್ಷರವನ್ನ ಅದು ಮುಟ್ಟೋದೇ ಇಲ್ಲ. ಮಗುವಿನ ಕಾಲದ ಹಿಮೋಗ್ಲೋಬಿನ್ ಮತ್ತೆ ಶುರುವಾಗೋ ಹಾಗೆ ಬೇರೊಂದು ಕಡೆ ಕೈ ಹಾಕುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ವರ್ಕ್‌ಅರೌಂಡ್. ಅಮೆರಿಕದಲ್ಲಿ ಅದರ ಬೆಲೆ ಸುಮಾರು 22 ಲಕ್ಷ ಡಾಲರ್, ಆ ಮಾತು ಬಿಡಿ.

ಹಾಗಾಗಿ 'ದೋಷ' ಅನ್ನೋದು ಅಕ್ಷರದೊಳಗೆ ಮಾತ್ರ ಕೂತಿಲ್ಲ. ಎಷ್ಟು ಪ್ರತಿ, ಯಾವ ಊರು, ಜೊತೆಗೆ ಇನ್ಯಾವ ಜೀನ್, ಹತ್ತಿರ ಆಸ್ಪತ್ರೆ ಇದೆಯಾ ಇಲ್ವಾ, ಇಷ್ಟೂ ಸೇರಿ ಅದು ದೋಷ ಆಗುತ್ತೆ ಅಥವಾ ಆಗಲ್ಲ. ಒಂದಕ್ಷರ ಓದಿ ಮನುಷ್ಯನನ್ನ ಓದಿದೆ ಅಂದುಕೊಳ್ಳೋದು ದುಡುಕು.

ಆ ದುಡುಕು ಸಣ್ಣವರಿಂದ ಆಗಿದ್ದಲ್ಲ ಅನ್ನೋದೇ ನನ್ನನ್ನ ಬೆಚ್ಚಿಬೀಳಿಸಿದ್ದು. ಇದೇ ಲೈನಸ್ ಪಾಲಿಂಗ್, 1954ರ ರಸಾಯನಶಾಸ್ತ್ರದ ನೊಬೆಲ್ ಪಡೆದವನು, ಅಣ್ವಸ್ತ್ರ ಪರೀಕ್ಷೆಗಳ ವಿರುದ್ಧ ನಿಂತು 1962ರ ಶಾಂತಿ ನೊಬೆಲ್ ಕೂಡ ಪಡೆದವನು, 1968ರಲ್ಲಿ ಕಾನೂನು ಪತ್ರಿಕೆಯೊಂದರಲ್ಲಿ ಒಂದು ಸಲಹೆ ಕೊಟ್ಟ. ಈ ಜೀನ್ ಇರೋ ಪ್ರತಿಯೊಬ್ಬ ಯುವಕ ಯುವತಿಯ ಹಣೆಯ ಮೇಲೆ ಒಂದು ಹಚ್ಚೆ ಹಾಕಬೇಕು. ಆಗ ಇಬ್ಬರು ವಾಹಕರು ಒಬ್ಬರನ್ನೊಬ್ಬರು ನೋಡಿದ ಕೂಡಲೇ ಗುರುತಿಸಿ, ಪ್ರೀತಿಯಲ್ಲಿ ಬೀಳದೆ ದೂರ ಇರಬಹುದು ಅಂತ.

ಅವನಿಗೆ ದ್ವೇಷ ಇರಲಿಲ್ಲ. ಲೆಕ್ಕ ಅವನ ಕಡೆಗೇ ಇತ್ತು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ನೋವು ಹೊತ್ತು ಹುಟ್ಟೋ ಮಕ್ಕಳನ್ನ ಕಂಡು ಮರುಗಿಯೇ ಅವನು ಹಾಗೆ ಹೇಳಿದ್ದು. ಕನಿಕರ, ಜ್ಞಾನ ಎರಡೂ ಇದ್ದವನಿಗೆ ಹಣೆಯ ಮೇಲೆ ಬರೆಯೋದು ಸರಿ ಅನ್ನಿಸಿತು ಅಂದ್ರೆ, ಜ್ಞಾನ ಮತ್ತು ಕನಿಕರ ಇಷ್ಟೇ ಸಾಲೋದಿಲ್ಲ ಅಂತಾಯ್ತು.

ನಮ್ಮಜ್ಜಿಯ ಕೈಮೇಲೂ ಹಚ್ಚೆ ಇತ್ತು. ಊರಿಗೆ ಬಂದ ಕೊರವಂಜಿಗೆ ಒಂದು ಸೇರು ರಾಗಿ ಕೊಟ್ಟು, ತನಗೆ ಬೇಕಾದ ಚಿತ್ತಾರ ಆರಿಸಿ ಹಾಕಿಸ್ಕೊಂಡಿದ್ದಂತೆ. ತಾನೇ ಬೇಕು ಅಂತ ಹಾಕಿಸ್ಕೊಂಡಿದ್ದಕ್ಕೆ ಅದು ಒಡವೆ. ಪಾಲಿಂಗ್ ಹೇಳಿದ್ದು ಇನ್ಯಾರೋ ಹಾಕೋ ಹಚ್ಚೆ. ನಮ್ಮಲ್ಲಿ ದನಕ್ಕೆ ಬರೆ ಹಾಕಿ ಗುರುತು ಮಾಡ್ತಿದ್ರಲ್ಲ, ಆ ಥರದ್ದು.

ಹಚ್ಚೆಯನ್ನ ಯಾರೂ ಹಾಕಲಿಲ್ಲ. ಆದರೆ 70ರ ದಶಕದ ಶುರುವಿನಲ್ಲಿ ಅಮೆರಿಕದ ಹಲವು ರಾಜ್ಯಗಳು ಪರೀಕ್ಷೆಯನ್ನು ಕಡ್ಡಾಯ ಮಾಡಿದವು. ಗುರಿಯಾಗಿದ್ದು ಹೆಚ್ಚಾಗಿ ಕಪ್ಪು ಜನ. ವಾಹಕರಿಗೂ ರೋಗಿಗಳಿಗೂ ವ್ಯತ್ಯಾಸ ಗೊತ್ತಿಲ್ಲದೆ, ಆರೋಗ್ಯವಾಗಿದ್ದವರಿಗೇ ಕೆಲಸ ಸಿಗೋದು ಕಷ್ಟ ಆಯ್ತು, ವಿಮೆಯ ಕಂತು ಜಾಸ್ತಿ ಆಯ್ತು. ಅಮೆರಿಕದ ವಾಯುಪಡೆಯ ಅಕಾಡೆಮಿ 1981ರವರೆಗೂ ವಾಹಕರನ್ನು ಸೇರಿಸಿಕೊಳ್ತಿರಲಿಲ್ಲ. ಗ್ರೀಸ್‌ನ ಆರ್ಖೊಮೆನೋಸ್ ಅನ್ನೋ ಊರಿನಲ್ಲಿ ಜನರನ್ನು ಪರೀಕ್ಷೆ ಮಾಡಿ, ಫಲಿತಾಂಶ ತಿಳಿಸಿ, ತಿಳಿವಳಿಕೆಯನ್ನೂ ಕೊಟ್ಟರು. ಕೆಲವು ವರ್ಷ ಬಿಟ್ಟು ನೋಡಿದರೆ ವಾಹಕರಿಗೆ ಕಳಂಕ ಅಂಟಿತ್ತು, ಮದುವೆ ಮಾತುಕತೆಯಲ್ಲಿ ಕೆಲವರು ವಿಷಯ ಮುಚ್ಚಿಟ್ಟಿದ್ದರು. ಇಬ್ಬರೂ ವಾಹಕರಾಗಿದ್ದ ಮದುವೆಗಳು ಕಮ್ಮಿಯಾಗಲೇ ಇಲ್ಲ.

ಹಳ್ಳಿಯಲ್ಲಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿ ಮಾವನಿಗೆ ಆಗಲ್ಲ ಅನ್ನೋ ಒಂದು ಮಾತಿಗೆ ನಮ್ಮೂರಲ್ಲಿ ಎಷ್ಟು ಸಂಬಂಧಗಳು ಮುರಿದುಬಿದ್ದಿವೆಯೋ. ಕೊನೆಗೆ ಜೋಯಿಸರನ್ನ ಹಿಡಿದು ಹುಟ್ಟಿದ ಗಳಿಗೆಯನ್ನೇ ಹಿಂದೆ ಮುಂದೆ ಮಾಡಿಸಿದವರೂ ಇದ್ದಾರೆ. ನಕ್ಷತ್ರದ ಮಾತು ಸುಳ್ಳು, ಅಮೈನೋ ಆಮ್ಲದ ಮಾತು ನಿಜ. ಇಷ್ಟು ದೊಡ್ಡ ವ್ಯತ್ಯಾಸ ಇದ್ದರೂ, ಹತ್ತು ಜನರ ಮುಂದೆ ಕೂಗಿ ಹೇಳಿದಾಗ ಎರಡೂ ಹುಡುಗಿಯ ಬಾಳಿಗೆ ಮಾಡೋದು ಒಂದೇ. ನಿಜ ಕೂಡ ಕುಜದೋಷ ಆಗಬಲ್ಲದು.

ಹಾಗಂತ ಪರೀಕ್ಷೆಯೇ ಬೇಡ, ಗೊತ್ತಾಗದೇ ಇರೋದೇ ವಾಸಿ ಅಂತ ನಾನು ಹೇಳಲ್ಲ. ಅದು ನಮ್ಮಂಥ ದೂರದವರು ಆಡಬಹುದಾದ ಮಾತು. ಹುಟ್ಟಿದಾಗಲೇ ಕಾಯಿಲೆ ಗೊತ್ತಾದರೆ ದಿನಾ ಪೆನಿಸಿಲಿನ್ ಕೊಟ್ಟು ಎಳೆಮಕ್ಕಳನ್ನ ಮಾರಕ ಸೋಂಕಿನಿಂದ ಕಾಪಾಡಬಹುದು ಅಂತ 1986ರಲ್ಲೇ ಅಮೆರಿಕದ ಅಧ್ಯಯನ ತೋರಿಸಿದೆ. ಹೈಡ್ರಾಕ್ಸಿಯೂರಿಯಾ ಮಾತ್ರೆ ಎಷ್ಟೋ ಜನರ ನೋವನ್ನ ಕಮ್ಮಿ ಮಾಡಿದೆ. ಏನು ಕಾಯಿಲೆ ಅಂತಲೇ ಗೊತ್ತಿಲ್ಲದೆ, ಮೈಕೈ ನೋವು ಅಂತ ಸುಮ್ಮನೆ ನರಳಿದ ತಲೆಮಾರುಗಳಿಗೆ ನಾವು ತೋರಿಸಬಹುದಾದ ಗೌರವ ಕಣ್ಣು ಮುಚ್ಚಿಕೊಳ್ಳೋದಂತೂ ಅಲ್ಲ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಶುರು ಮಾಡಿದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನ, 40 ವರ್ಷದೊಳಗಿನ 7 ಕೋಟಿ ಜನರನ್ನ ಪರೀಕ್ಷೆ ಮಾಡೋ ಗುರಿ ಇಟ್ಕೊಂಡಿದೆ. ಕರ್ನಾಟಕವೂ ಅದರಲ್ಲಿದೆ. ಪರೀಕ್ಷೆ ಆದವರಿಗೆ ಕಾರ್ಡ್ ಕೊಡ್ತಾರೆ, ಮದುವೆಗೆ ಮುಂಚೆ ಇಬ್ಬರೂ ಕಾರ್ಡ್ ನೋಡಿಕೊಳ್ಳಿ ಅಂತ ಹೇಳ್ತಾರೆ.

ಈ ಕಾರ್ಡ್ ಬಗ್ಗೆ ನಾನು ಬಹಳ ಯೋಚನೆ ಮಾಡಿದ್ದೀನಿ. ಅದರಲ್ಲಿ ಬರೆದಿರೋದೂ, ಪಾಲಿಂಗ್ ಹಣೆಯ ಮೇಲೆ ಬರೀಬೇಕು ಅಂದಿದ್ದೂ ಒಂದೇ ಮಾಹಿತಿ. ಹಾಗಾದ್ರೆ ಎರಡಕ್ಕೂ ಏನು ವ್ಯತ್ಯಾಸ? ಹಣೆಬರಹ ಅನ್ನೋ ನಮ್ಮ ಪದವೇ ಇದಕ್ಕೆ ಉತ್ತರ ಹೇಳುತ್ತೆ ಅನ್ಸುತ್ತೆ. ನಮ್ಮ ಮೈಯಲ್ಲಿ, ಕನ್ನಡಿ ಇಲ್ಲದೆ ನಮಗೆ ಕಾಣದೇ ಇರೋ, ಎದುರಿಗೆ ಬಂದವರಿಗೆಲ್ಲಾ ಕಾಣೋ ಜಾಗ ಹಣೆ. ಅಲ್ಲಿ ಬರೆದಿದ್ದನ್ನ ಊರೆಲ್ಲಾ ಓದುತ್ತೆ, ಹೊತ್ತವನೊಬ್ಬ ಓದಲಾರ. ಜೇಬಿನ ಚೀಟಿ ಹಾಗಲ್ಲ. ಮೊದಲು ಓದೋನು ಅದರ ಯಜಮಾನ. ಯಾರಿಗೆ, ಯಾವತ್ತು, ಎಷ್ಟು ಹೊತ್ತು ತೋರಿಸಬೇಕು ಅನ್ನೋದೂ ಅವನ ಕೈಲೇ ಇದೆ. ತಾನು ಮದುವೆ ಆಗೋ ಹುಡುಗಿಗೆ ಅದನ್ನ ತೋರಿಸೋದು ಅವನ ಧರ್ಮ, ಅದರಲ್ಲಿ ನನಗೆ ಅನುಮಾನ ಇಲ್ಲ. ಹುಟ್ಟಬೇಕಾದ ಮಗುವಿನ ನೋವು ಅವರಿಬ್ಬರಿಗೂ ಸೇರಿದ್ದು. ತಿಳಿದ ಮೇಲೆ ಅವರು ಏನು ತೀರ್ಮಾನ ಮಾಡ್ತಾರೋ ಅದು ಅವರಿಗೆ ಬಿಟ್ಟಿದ್ದು. ಕೆಲಸ ಕೊಡೋನಿಗೆ, ವಿಮೆಯವನಿಗೆ, ಪಕ್ಕದ ಮನೆಯವರಿಗೆ ಅದರಲ್ಲಿ ಪಾಲಿಲ್ಲ.

ಇದನ್ನ ಹಾಡಿಯ ಜನರಿಗೆ ಉಪದೇಶ ಮಾಡೋಕೆ ನಾನು ಬರೀತಿಲ್ಲ. ಯಾಕಂದ್ರೆ ಕಾರ್ಡ್ ಜೇಬಿನಲ್ಲಿದ್ದರೂ, ಅದರ ಇನ್ನೊಂದು ಪ್ರತಿ ಯಾವುದೋ ಸರ್ವರ್‌ನಲ್ಲಿ ಇರುತ್ತೆ. ಯಾವುದೇ ಆರೋಗ್ಯ ಆ್ಯಪ್ ತಗೊಳ್ಳಿ, ಹೆಸರು, ವಯಸ್ಸು, ಊರು, ಅದರ ಪಕ್ಕ ಒಂದು ಕಾಲಂ: ವಾಹಕ, ಹೌದು ಅಥವಾ ಅಲ್ಲ. ಆ ಕಾಲಂ ಬರೆಯೋರು ನಿಮ್ಮಂಥವರು, ನನ್ನಂಥವರು. ಯಾವ ಲಾಗಿನ್‌ಗೆ ಅದು ಕಾಣಬೇಕು, ಎಕ್ಸೆಲ್‌ಗೆ ಇಳಿಸೋಕೆ ಯಾರಿಗೆ ಬಿಡಬೇಕು, ಹೆಸರು ಬೇಕಾ ಬರೀ ಲೆಕ್ಕ ಸಾಕಾ ಅನ್ನೋದೆಲ್ಲಾ ಹತ್ತು ನಿಮಿಷದ ಮೀಟಿಂಗಿನಲ್ಲಿ, ಕಾಫಿ ಆರೋದ್ರೊಳಗೆ ತೀರ್ಮಾನ ಆಗಿಬಿಡುತ್ತೆ. "ಎಲ್ಲರಿಗೂ ಕಾಣ್ಲಿ ಬಿಡಿ, ಆಮೇಲೆ ನೋಡೋಣ" ಅನ್ನೋ ಮಾತನ್ನ ನಾವೆಲ್ಲಾ ಕೇಳಿದ್ದೀವಿ. ಸಾಲದ ಆ್ಯಪಿಗೋ ಊಟದ ಆ್ಯಪಿಗೋ ಅದು ಬರೀ ಸೋಮಾರಿತನ ಇರಬಹುದು. ಇಂಥ ಕಾಲಂ ವಿಷಯದಲ್ಲಿ ಅದು ಸೂಜಿ ಹಿಡಿದು ಯಾರದೋ ಹಣೆಯ ಮುಂದೆ ಕೂತ ಹಾಗೆ.

ಆ ಹತ್ತು ನಿಮಿಷದಲ್ಲಿ ಒಬ್ಬರಾದರೂ ಬಾಯಿಬಿಟ್ಟು ಕೇಳಬೇಕು: ಇದನ್ನ ಮೊದಲು ಓದೋನು ಯಾರು? ಅದಕ್ಕೆ ಉತ್ತರ ಆ ಮನುಷ್ಯನೇ ಆಗಿರದಿದ್ದರೆ, ಕಾಫಿ ಆರಿದರೂ ಪರವಾಗಿಲ್ಲ, ಮೀಟಿಂಗು ಇನ್ನೂ ಮುಗಿದಿಲ್ಲ.