ಗೋಲೆಮ್ ಕಥೆ ಬರೆದ ರಬ್ಬಿ

1913ರಲ್ಲಿ ಪೋಲೆಂಡಿನಿಂದ ಕೆನಡಾದ ಟೊರಾಂಟೊಗೆ ಬಂದಾಗ ಯೆಹೂದಾ ಯೂದಲ್ ರೋಸೆನ್‌ಬರ್ಗ್ ಅವರಿಗೆ ಐವತ್ತು ದಾಟಿತ್ತು. ಹುಟ್ಟೂರು ರಾದೋಮ್ ಬಳಿಯ ಸ್ಕಾರಿಶೆವ್. ಚಿಕ್ಕಂದಿನಲ್ಲೇ ಶಾಸ್ತ್ರಗಳನ್ನು ಅರೆದು ಕುಡಿದಿದ್ದರಿಂದ ‘ಸ್ಕಾರಿಶೆವ್‌ನ ಬಾಲಪ್ರತಿಭೆ’ ಎಂದೇ ಜನ ಕರೆಯುತ್ತಿದ್ದರು. ಟೊರಾಂಟೊದಲ್ಲಿ ನೆಲೆಸಿದ್ದ ಪೋಲಿಷ್ ಯಹೂದಿಗಳು ತಮ್ಮ ಬೆತ್ ಜೇಕಬ್ ಸಿನಗಾಗ್‌ನಲ್ಲಿ ಅವರನ್ನು ರಬ್ಬಿಯಾಗಿ, ಎಂದರೆ ಧರ್ಮಗುರುವಾಗಿ ಕೂರಿಸಿದರು. ಮಕ್ಕಳ ಧರ್ಮಶಿಕ್ಷಣಕ್ಕೆ ಎಟ್ಸ್ ಖಾಯಿಮ್ ಶಾಲೆ ಶುರುವಾದದ್ದರಲ್ಲೂ ಅವರ ಶ್ರಮವಿದೆ. ಆ ಶಾಲೆ ಇಂದಿಗೂ ನಡೆಯುತ್ತಿದೆ.

ಆದರೆ ಲೋಕ ಓದಿದ್ದು ಅವರು 1909ರಲ್ಲಿ ಅಚ್ಚು ಹಾಕಿಸಿದ ಪುಸ್ತಕವನ್ನು. ಹದಿನಾರನೆಯ ಶತಮಾನದ ಪ್ರಾಗ್ ನಗರ. ಸರಿರಾತ್ರಿಯಲ್ಲಿ ಮೂವರು ಪಂಜಿನ ಬೆಳಕಿನಲ್ಲಿ, ಹೊಳೆಯ ದಂಡೆಯ ಜೇಡಿಮಣ್ಣಿನಿಂದ ಒಬ್ಬ ಮನುಷ್ಯನನ್ನು ಮಾಡುತ್ತಾರೆ. ಒಬ್ಬೊಬ್ಬರಾಗಿ ಏಳೇಳು ಸುತ್ತು ಬರುತ್ತಾರೆ. ಮಣ್ಣು ಬೆಂಕಿಯಂತೆ ಕೆಂಪಾಗುತ್ತದೆ, ನೀರೂರುತ್ತದೆ, ಕೂದಲು ಉಗುರು ಮೂಡುತ್ತವೆ, ಕೊನೆಗೆ ಕಣ್ಣು ತೆರೆಯುತ್ತದೆ. ಮಾತು ಬಾರದ ಈ ಗೋಲೆಮ್, ಯಹೂದಿಗಳು ಕ್ರೈಸ್ತ ಮಕ್ಕಳ ರಕ್ತ ಬಳಸುತ್ತಾರೆಂಬ ಸುಳ್ಳು ಆರೋಪದಿಂದ ಕೇರಿಯನ್ನು ಕಾಯುತ್ತದೆ.

ಇದು ಗೋಲೆಮ್ ಮಾಡಿದ ಆ ಮೂವರಲ್ಲೊಬ್ಬರಾದ ಪ್ರಾಗ್‌ನ ರಬ್ಬಿ ಮಹಾರಾಲ್ ಅವರ ಅಳಿಯನೇ ಬರೆದಿಟ್ಟದ್ದು, ಮೆಟ್ಸ್ ನಗರದ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿ ಎಂದು ರೋಸೆನ್‌ಬರ್ಗ್ ಹೇಳಿಕೊಂಡರು. ಬರೆದವರು ಅವರೇ ಎಂದು ವಿದ್ವಾಂಸರು ಆಮೇಲೆ ತೋರಿಸಿಕೊಟ್ಟರು.

ಧರ್ಮಗುರು ಹೀಗೆ ಮಾಡಬಹುದೆ? ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಯಹೂದಿ ಅನುಭಾವದ ಮೂಲಗ್ರಂಥವಾದ ಜೋಹರ್ ಎರಡನೆಯ ಶತಮಾನದ ಶಿಮೋನ್ ಬಾರ್ ಯೋಖಾಯ್ ಅವರದೆಂದು ಶ್ರದ್ಧಾವಂತರು ನಂಬುತ್ತಾರೆ. ಅದು ಬೆಳಕಿಗೆ ಬಂದದ್ದು ಹದಿಮೂರನೆಯ ಶತಮಾನದ ಸ್ಪೇನಿನಲ್ಲಿ. ನಮ್ಮ ಶೂನ್ಯಸಂಪಾದನೆಯೂ ಹನ್ನೆರಡನೆಯ ಶತಮಾನದ ಶರಣರ ಸಂವಾದಗಳನ್ನು ಹದಿನೈದನೆಯದರಲ್ಲಿ ಹೆಣೆದದ್ದೇ. ಹಿರಿಯರ ಬಾಯಲ್ಲಿ ಮಾತಾಡುವುದು ಪರಂಪರೆಗೆ ಹೊಸದಲ್ಲ. ಆದರೂ ಇಲ್ಲದ ಹಸ್ತಪ್ರತಿಯನ್ನು ಸಾಕ್ಷಿಗೆ ಕರೆದದ್ದು ಒಂದು ಹೆಜ್ಜೆ ಮುಂದಿನದು. ನಂಬಿದ ಓದುಗನ ಮಟ್ಟಿಗೆ ಕಥೆ ಚರಿತ್ರೆಯಾಯಿತು. ರಬ್ಬಿಯ ಮೇಲಿನ ಗೌರವದಿಂದ ಇದನ್ನು ಮುಚ್ಚಿಡುವುದು ಸರಿಯಲ್ಲ. ದಂಗೆ, ಕೊಲೆಗಳ ಭಯದಲ್ಲಿ ಬದುಕುತ್ತಿದ್ದ ಆ ಓದುಗನಿಗೆ ಒಬ್ಬ ಕಾವಲುಗಾರ ಬೇಕಿದ್ದ ಎಂಬುದನ್ನೂ ಮರೆಯಲಾಗದು.

ರೋಸೆನ್‌ಬರ್ಗ್ ಅವರ ಜೀವಮಾನದ ಕೆಲಸ ಮಾತ್ರ ಬೇರೆಯೇ. ಅರಾಮಿಕ್ ಭಾಷೆಯ ಜೋಹರ್ ಬಲ್ಲವರಿಗಷ್ಟೇ ದಕ್ಕುತ್ತಿತ್ತು. ಅದನ್ನು ಯಹೂದಿ ಧರ್ಮಗ್ರಂಥ ತೋರಾದ ವಚನಗಳ ಕ್ರಮಕ್ಕೆ ಜೋಡಿಸಿ ಹೀಬ್ರೂಗೆ ತಂದರು. ಜೋಹರ್ ಜನರಲ್ಲಿ ಹರಡಿದರೆ ಮೆಸ್ಸೀಯನ ಆಗಮನ ಹತ್ತಿರವಾಗುತ್ತದೆ ಎಂಬುದು ಅವರ ನಂಬಿಕೆ. ವಾರ್ಸಾದಲ್ಲಿ ಆರಂಭಿಸಿದ ಈ ಕೆಲಸವನ್ನು, 1919ರಲ್ಲಿ ಮಾಂಟ್ರಿಯಲ್‌ಗೆ ಹೋದಮೇಲೂ, ಯಹೂದಿ ಧರ್ಮಸಮ್ಮತವಾದ ಕೋಷರ್ ಮಾಂಸದ ಉಸ್ತುವಾರಿಯ ಜಗಳಗಳ ನಡುವೆಯೂ ಬಿಡಲಿಲ್ಲ. 1935ರಲ್ಲಿ ಅಲ್ಲೇ ತೀರಿಕೊಂಡರು. ಆಗ ಮಗಳ ಮಗ ಮೊರ್ಡೆಕೈ ರಿಚ್ಲರ್‌ಗೆ ನಾಲ್ಕು ವರ್ಷ. ಮುಂದೆ ಕೆನಡಾದ ಹೆಸರಾಂತ ಕಾದಂಬರಿಕಾರನಾದ.