ಹುದುಗಿದ್ದು

“ನಿಂಬೆಹಣ್ಣು ಹಿಂಡಿದೀರೇನೋ?” ಅಂದಳು ಅಮ್ಮ.

ಏಪ್ರಿಲ್ ಕೊನೆಯ ಒಂದು ಸಂಜೆ. ಜೀವನ್ ಬಿಮಾ ನಗರದ ನಮ್ಮ ಮನೆಯ ಬಾಲ್ಕನಿಯಲ್ಲಿ ನಾನು ಮತ್ತು ಬ್ರಸೆಲ್ಸ್‌ನಿಂದ ರಜೆಗೆ ಬಂದಿದ್ದ ಸೋದರಳಿಯ ಕೂತಿದ್ದೆವು. ಬಾಗಿಲ ಪಕ್ಕದ ಬೆತ್ತದ ಕುರ್ಚಿ ಅಮ್ಮನದು. ಅವನು ಕಾರ್ಕು ಹಾಕಿ ತಂತಿ ಬಿಗಿದ ಒಂದು ದಪ್ಪ ಸೀಸೆ ತಂದಿದ್ದ. “ಮಾವ, ಫ್ರಿಜ್ಜಿಂದ ತೆಗೆದು ಹತ್ತು ನಿಮಿಷ ಹಾಗೇ ಬಿಡಿ, ತೀರಾ ತಣ್ಣಗಿದ್ರೆ ಮೂಗಿಗೆ ಏನೂ ಸಿಗಲ್ಲ” ಅಂದಿದ್ದ. ಕಾರ್ಕು ಕಿತ್ತಾಗ ನೊರೆ ಕತ್ತಿನವರೆಗೆ ಉಕ್ಕಿ ಬಂತು. ಲೋಟಕ್ಕೆ ಬಗ್ಗಿಸಿದರೆ ತುಸು ಮಬ್ಬಾದ ಹೊಂಬಣ್ಣ. ಅದರ ಮೇಲೆ ಬೇಗ ಇಳಿಯದ ಬಿಳಿ ನೊರೆ. ಘಮ ಅಮ್ಮನ ಕುರ್ಚಿಯವರೆಗೂ ಹೋಯಿತು. ಎಂಬತ್ತು ದಾಟಿದ ಅವಳ ಕಣ್ಣು ಮಂಜಾಗಿದೆ, ಮೂಗು ಮಾತ್ರ ಮೊದಲಿನ ಹಾಗೇ ಚುರುಕು.

“ಇಲ್ಲ ಅಜ್ಜಿ, ಇದಕ್ಕೆ ನಿಂಬೆಹಣ್ಣು ಹಾಕೇ ಇಲ್ಲ.”

“ಹಾಕದೆ ಹ್ಯಾಗೆ ಬರತ್ತೆ?”

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಸೀಸೆಯ ಮೇಲಿದ್ದ ಹೆಸರು ಸೆಝೋನ್ ಡ್ಯುಪಾಂ. ‘ಸೆಝೋನ್’ ಅಂದರೆ ಫ್ರೆಂಚಿನಲ್ಲಿ ಋತು, ಸುಗ್ಗಿ ಅಥವಾ ಹಂಗಾಮು ಅನ್ನುವ ಅರ್ಥವೇ. ಬೆಲ್ಜಿಯಂನ ಫ್ರೆಂಚ್ ಮಾತಾಡುವ ದಕ್ಷಿಣ ಭಾಗ ವಲೋನಿಯಾ. ಅಲ್ಲಿ ಎನೋ ಎಂಬ ಪ್ರಾಂತ್ಯದ ಟೂರ್ಪ್ ಅನ್ನುವ ಸಣ್ಣ ಹಳ್ಳಿಯಲ್ಲಿ, ಒಂದು ಹೊಲಮನೆಯಲ್ಲಿ, 1844ರಿಂದ ಬಿಯರ್ ಕಾಯಿಸುತ್ತ ಬಂದಿದ್ದಾರೆ. 1920ರಲ್ಲಿ ಆ ಹೊಲಮನೆ ಡ್ಯುಪಾಂ ಮನೆತನದ ಕೈಗೆ ಬಂತು. ಮಗ ಕೆನಡಾಕ್ಕೆ ವಲಸೆ ಹೋಗಿಬಿಡುತ್ತಾನೆಂದು ಹೆದರಿ, ಅವನನ್ನು ಊರಲ್ಲೇ ನಿಲ್ಲಿಸಿಕೊಳ್ಳಲು ತಂದೆ ಅದನ್ನು ಕೊಂಡುಕೊಟ್ಟನಂತೆ. ಮಗನನ್ನು ಹೊರದೇಶಕ್ಕೆ ಕಳಿಸಿದ ಯಾವ ಮನೆಯವರಿಗೂ ಈ ಸಂಗತಿ ತಟ್ಟದೆ ಇರದು.

ಇಂಥ ಬಿಯರನ್ನು ಅಲ್ಲಿಯ ರೈತರು ಚಳಿಗಾಲದಲ್ಲಿ ಮಾಡಿ ಬೇಸಿಗೆಗೆ ಎತ್ತಿಡುತ್ತಿದ್ದರು. ಬೇಸಿಗೆಯಲ್ಲಿ ತಣ್ಣಗಿಡುವ ಯಂತ್ರವಿಲ್ಲ. ಗಾಳಿಯಲ್ಲಿರುವ ಕೆಟ್ಟ ಜೀವಿಗಳು ಸೇರಿ ಹಂಡೆಯನ್ನೇ ಹಾಳುಮಾಡುತ್ತವೆ. ಚಳಿಗಾಲದಲ್ಲಾದರೆ ಹೊಲದಲ್ಲಿ ಕೆಲಸ ಕಡಿಮೆ, ಮನೆಯ ಆಳುಗಳಿಗೆ ಕೈತುಂಬ ಕೆಲಸವಾಯಿತು. ಸೋಸಿ ಉಳಿದ ಕಾಳಿನ ಚರಟ ದನಗಳ ಬಾನಿಗಾಯಿತು. ಸುಗ್ಗಿಗೆ ಬಂದ ಕೂಲಿಯವರಿಗೆ ಬಿಸಿಲಲ್ಲಿ ಕೊಡುತ್ತಿದ್ದದ್ದು ಇದನ್ನೇ. ಇಂದಿನ ಸೀಸೆಯಲ್ಲಿ ನೂರಕ್ಕೆ ಆರೂವರೆ ಪಾಲು ಮದ್ಯಸಾರ ಇದೆ. ಅಂದಿನದು ಇದಕ್ಕಿಂತ ಬಹಳ ಹಗುರವಾಗಿತ್ತು ಅನ್ನುತ್ತಾರೆ. ಇರಲೇಬೇಕು. ಕುಡಿದವನು ಮತ್ತೆ ಕುಡುಗೋಲು ಹಿಡಿಯಬೇಕಿತ್ತಲ್ಲ.

ಮೊದಲ ಗುಟುಕಿನಲ್ಲಿ ನನಗೆ ನೆನಪಾದದ್ದು ನಿಂಬೆಯಲ್ಲ, ಚಕ್ಕೋತ. ಚಿಕ್ಕವನಿದ್ದಾಗ ಅಪ್ಪ ದೇವನಹಳ್ಳಿ ಕಡೆ ಹೋದಾಗಲೆಲ್ಲ ಚೀಲದಲ್ಲಿ ಎರಡು ಚಕ್ಕೋತ ಹಾಕಿಕೊಂಡು ಬರುತ್ತಿದ್ದರು. ದಪ್ಪ ಸಿಪ್ಪೆ ಮುರಿದಾಗ ಕಣ್ಣಿಗೆ ಸಿಡಿಯುವ ಎಣ್ಣೆ, ಅದರ ಹಿಂದೆಯೇ ಬರುವ ಸಣ್ಣ ಕಹಿ, ಆಮೇಲೆ ಕೆಂಪು ತೊಳೆಯ ತಣ್ಣನೆಯ ರಸ, ಎಲ್ಲ ಅದೇ ವರಸೆಯಲ್ಲಿ ಬಂತು. ಅದರ ಬೆನ್ನಿಗೆ ಮೆಣಸು. ನಾಲಿಗೆಯ ತುದಿಯಲ್ಲಿ ಸಿಹಿ ನಿಲ್ಲುತ್ತದೆ ಅನ್ನುವಷ್ಟರಲ್ಲಿ ಅದು ಅಳಿಸಿಹೋಗಿ, ಬಾಯಿ ಒಣಗಿ, ಇನ್ನೊಂದು ಗುಟುಕು ಬೇಕೆನ್ನಿಸುತ್ತದೆ. ಹುಳಿಯೆಂದರೆ ಹುಳಿಯಲ್ಲ, ಹುಳಿ ಈಗ ಬಂತು ಅಂದುಕೊಂಡು ಕಾಯುವ ಸ್ಥಿತಿ. ಅಮ್ಮನ ಮೂಗಿಗೆ ನಿಂಬೆ, ನನಗೆ ಚಕ್ಕೋತ, ಅಳಿಯನಿಗೆ ಕಿತ್ತಳೆ ಸಿಪ್ಪೆ. ಮೂವರಿಗೂ ಒಂದೇ ಲೋಟದ ಘಮ. ಹಾಗಾದರೆ ಹಣ್ಣು ಇದ್ದದ್ದು ಲೋಟದಲ್ಲೋ, ನಮ್ಮೊಳಗೋ?

ಅರ್ಧ ಉತ್ತರವನ್ನು ರಸಾಯನಶಾಸ್ತ್ರ ಕೊಡುತ್ತದೆ, ಮತ್ತು ಆ ಅರ್ಧ ಉತ್ತರವೇ ಒಂದು ಸೋಜಿಗ. ಬಿಯರಿಗೆ ಕಹಿಗಾಗಿ ಹಾಕುವ ಹಾಪ್ ಹೂವಿನ ಎಣ್ಣೆಯಲ್ಲಿ ಜೆರೇನಿಯಾಲ್ ಅನ್ನುವ, ಗುಲಾಬಿಯನ್ನು ನೆನಪಿಸುವ ವಸ್ತುವಿದೆ. ಯೀಸ್ಟ್ ತನ್ನ ಕೆಲಸದ ನಡುವೆ ಅದರಲ್ಲಿ ಸ್ವಲ್ಪವನ್ನು ಸಿಟ್ರೊನೆಲಾಲ್ ಆಗಿ ಮಾರ್ಪಡಿಸುತ್ತದೆ. ನಿಂಬೆಯ ಕಡೆಗೆ ವಾಲುವ ಪರಿಮಳ ಅದು. ಮೆಣಸು ಲವಂಗದ ಛಾಯೆ ಬರುವುದು ಬೇರೆ ದಾರಿಯಿಂದ. ಕಾಳಿನ ಹೊಟ್ಟಿನಲ್ಲಿರುವ ಫೆರೂಲಿಕ್ ಆಮ್ಲವನ್ನು ಈ ಯೀಸ್ಟ್ ಒಡೆಯುತ್ತದೆ. ಅದೇ ಆಮ್ಲ ನಮ್ಮ ರಾಗಿಯ ಸಿಪ್ಪೆಯಲ್ಲೂ ಹೇರಳವಾಗಿದೆ. ಇನ್ನು ಆ ಒಣ ಮುಕ್ತಾಯಕ್ಕೆ ಕಾರಣ, ಸೆಝೋನ್ ಯೀಸ್ಟುಗಳಲ್ಲಿ ಹಲವಕ್ಕೆ ಬೇರೆ ಯೀಸ್ಟುಗಳು ಮುಟ್ಟದೆ ಬಿಡುವ ದೊಡ್ಡ ಸಕ್ಕರೆಗಳನ್ನೂ ಮುರಿದು ತಿನ್ನುವ ಶಕ್ತಿ ಇರುವುದು. ಟೂರ್ಪ್‌ನಲ್ಲಿ ಇದನ್ನು 30 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಬಿಡುತ್ತಾರೆ. ಹೆಚ್ಚಿನ ಬಿಯರ್ ಮಾಡುವವರು ಹೆದರುವ ಶಾಖ ಅದು. ಆ ಬೇಗೆಯಲ್ಲೇ ಅದು ತನ್ನ ಹಣ್ಣುಗಳನ್ನು ಬಿಡುತ್ತದೆ.

ಕನ್ನಡದಲ್ಲಿ ಈ ಕೆಲಸಕ್ಕೆ ‘ಹುದುಗುವಿಕೆ’ ಅನ್ನುತ್ತೇವೆ. ಶಾಲೆಯ ಪಾಠದಲ್ಲಿ ಓದಿದಾಗ ಅದು ಬರಿಯ ಪಾರಿಭಾಷಿಕ ಪದ. ಆದರೆ ಹುದುಗು ಅಂದರೆ ಅಡಗು, ಮರೆಯಾಗು. ಮಗು ತಾಯಿಯ ಸೆರಗಿನಲ್ಲಿ ಹುದುಗುತ್ತದೆ, ನಿಧಿ ನೆಲದಲ್ಲಿ ಹುದುಗಿರುತ್ತದೆ. ಕಣ್ಣಿಗೆ ಕಾಣದ ಜೀವವೊಂದು ಹಿಟ್ಟಿನೊಳಗೆ ಕೂತು ಕೆಲಸ ಮಾಡುತ್ತದೆಂದು ಪಾಶ್ಚರ್ ಸಾಬೀತು ಮಾಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಬಿಯರನ್ನು ಕುರಿತ ಅವನ ಪುಸ್ತಕ ಬಂದದ್ದು 1876ರಲ್ಲಿ. ನಮ್ಮ ಮಾತು ಮಾತ್ರ, ಏನೋ ಒಂದು ಇದರೊಳಗೆ ಅಡಗಿದೆ ಎಂಬುದನ್ನು ತನ್ನಷ್ಟಕ್ಕೆ ಹೇಳಿಕೊಂಡು ಬಂದಿದೆ. ಒಂದು ಪದವನ್ನು ಇಷ್ಟು ನೆಚ್ಚಬಾರದು ಅನ್ನುವವರಿದ್ದಾರೆ. ನಾನು ನೆಚ್ಚುತ್ತೇನೆ.

ಅಮ್ಮ ಹುಟ್ಟಿ ಬೆಳೆದದ್ದು ಮಾಲೂರಿನ ಕಡೆ. ಅವಳ ಮನೆಯಲ್ಲಿ ರಾತ್ರಿ ರಾಗಿಹಿಟ್ಟನ್ನು ನೀರಲ್ಲಿ ಕದಡಿ, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿಡುತ್ತಿದ್ದರು. ಬೆಳಗ್ಗೆ ಹುಳಿ ಬಂದದ್ದನ್ನು ಕಾಯಿಸಿ, ಆರಿಸಿ, ಮಜ್ಜಿಗೆ ಉಪ್ಪು ಬೆರೆಸಿದರೆ ಅಂಬಲಿ. ಬಿಸಿಲೇರುವ ಹೊತ್ತಿಗೆ ಅವಳು ಆ ಮಡಕೆ ಹೊತ್ತು, ಸೆರಗಿನಲ್ಲಿ ಈರುಳ್ಳಿ ಹಸಿಮೆಣಸಿನಕಾಯಿ ಕಟ್ಟಿಕೊಂಡು, ಕಳೆ ಕೀಳುವವರ ಬಳಿಗೆ ಹೋಗಬೇಕಿತ್ತು. ಅಂಬಲಿಯಲ್ಲಿ ದುಡಿಯುವುದು ಬೇರೆ ಜೀವಿಗಳು, ಮಜ್ಜಿಗೆಯನ್ನು ಹುಳಿಮಾಡುವ ಬಳಗದವು. ಅದು ಅಮಲಿನ ವಸ್ತುವಲ್ಲ. ಆದರೂ ಕಾಳು, ನೀರು, ಒಂದು ರಾತ್ರಿಯ ಮರೆ, ಹೊಲದಲ್ಲಿ ಬಾಯಾರಿ ನಿಂತವನು, ಇಷ್ಟು ಎರಡಕ್ಕೂ ಒಂದೇ. “ರುಚಿ ನೋಡೋರು ಯಾರಿದ್ರು? ಬೊಗಸೆ ಒಡ್ಡೋರು, ಬಗ್ಗಿಸ್ತಿದ್ದೆ, ಕುಡಿಯೋರು, ಬಗ್ಗೋರು” ಅಂದಳು. ‘ಬಗ್ಗಿಸು’, ‘ಬಗ್ಗು’ ಎರಡೂ ಒಂದೇ ಉಸಿರಿನಲ್ಲಿ ಬಂದವು.

ಇಲ್ಲಿ ನನ್ನ ಮನಸ್ಸು ಎಡವುತ್ತದೆ. ಬಾಗಿ ದುಡಿದವರಿಗೆಂದು ಮಾಡಿದ ಪಾನೀಯವನ್ನು ಕೂತು ಆಸ್ವಾದಿಸುವ ನಾನು ಯಾರು? ಟೂರ್ಪ್‌ನ ಕೂಲಿಯವನು ಅದರಲ್ಲಿ ಚಕ್ಕೋತ ಹುಡುಕಲಿಲ್ಲ, ಕಿತ್ತಳೆಯನ್ನೂ ಹುಡುಕಿರಲಾರ. ಅವನಿಗೆ ಅದು ಮುಂದಿನ ಸಾಲು ಕೊಯ್ಯುವ ತ್ರಾಣ. ಆದರೆ ಅವನ ನಾಲಿಗೆಗೆ ಏನೂ ತಿಳಿಯುತ್ತಿರಲಿಲ್ಲ ಅಂದುಕೊಳ್ಳುವುದೂ ತಪ್ಪು. ಒಂದು ವರ್ಷದ ಹಂಡೆ ಚೆನ್ನಾಗಿ ಬಂದಿತ್ತು, ಇನ್ನೊಂದು ವರ್ಷದ್ದು ಕೆಟ್ಟಿತ್ತು ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಇರಲಿಕ್ಕಿಲ್ಲ. ರುಚಿಯೇ ನೋಡಲಿಲ್ಲ ಅಂದ ಅಮ್ಮನೇ ಐದು ನಿಮಿಷದ ಮೇಲೆ ಹೇಳಿದಳು: “ನಮ್ಮ ದೊಡ್ಡಮ್ಮ ಕದಡಿದ ಅಂಬಲಿ ಬೇರೆ. ಅವಳ ಕೈಯ ಹುಳಿ ಯಾರಿಗೂ ಬರಲಿಲ್ಲ.” ಅರವತ್ತೈದು ವರ್ಷದಿಂದ ಆ ಹುಳಿ ಅವಳಲ್ಲಿ ಹುದುಗಿ ಕೂತಿತ್ತು.

ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ಇಂದಿರಾನಗರದ 100 ಅಡಿ ರಸ್ತೆಯಲ್ಲಿ 2010ರಲ್ಲಿ ಟಾಯ್ಟ್ ಎಂಬ ಬಿಯರ್ ಮನೆ ಬಾಗಿಲು ತೆರೆಯಿತು. ಅಲ್ಲಿ ಟಿನ್‌ಟಿನ್ ಹೆಸರಿನ ಬೆಲ್ಜಿಯಂ ಬಗೆಯ ಗೋಧಿ ಬಿಯರ್ ಇದೆ. ಅದಕ್ಕೆ ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ ಹಾಕುತ್ತಾರೆ. ಆ ಬಗೆ 1950ರ ದಶಕದ ಕೊನೆಯ ಹೊತ್ತಿಗೆ ತನ್ನ ಹುಟ್ಟೂರಾದ ಹೂಗಾರ್ಡನ್‌ನಲ್ಲೇ ಕಣ್ಮರೆಯಾಗಿತ್ತು. ಹುಡುಗನಾಗಿದ್ದಾಗ ಪಕ್ಕದ ಬಿಯರ್ ಮನೆಯಲ್ಲಿ ಕೈಜೋಡಿಸಿದ್ದ ಪಿಯೆರ್ ಸೆಲಿಸ್ ಎಂಬ ಹಾಲು ಮಾರುವವನು 1960ರ ದಶಕದ ನಡುವಿನಲ್ಲಿ ಅದನ್ನು ನೆನಪಿನಿಂದ ಮತ್ತೆ ಕಟ್ಟಿದ. ಕೊತ್ತಂಬರಿ ಬೀಜ ನಮ್ಮ ಸಾರಿನ ಪುಡಿಯದ್ದೇ ಆದ್ದರಿಂದ ಆ ಲೋಟ ನಮಗೆ ಬೇಗ ನೆಂಟನಾಗುತ್ತದೆ. ನನಗೂ ಇಷ್ಟ. ಆದರೆ ಅಲ್ಲಿ ಕಿತ್ತಳೆ ಬಂದದ್ದು ಕಿತ್ತಳೆಯಿಂದ. ಸೀಸೆಯ ಚಕ್ಕೋತ ಬಂದದ್ದು ಚಕ್ಕೋತವಿಲ್ಲದ ಕಡೆಯಿಂದ. ಮೊದಲನೆಯದು ಸೇರಿಸಿದ್ದು, ಎರಡನೆಯದು ಸಂಭವಿಸಿದ್ದು. ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸುವುದು ಎರಡನೆಯದು.

ಇಷ್ಟೆಲ್ಲ ಬರೆಯುವಾಗ ಚಿಕ್ಕಪ್ಪನ ಮುಖ ಎದುರಿಗೆ ಬಂದು ನಿಲ್ಲುತ್ತದೆ. ಅವನು ಸಾರಾಯಿ ಪ್ಯಾಕೆಟ್ಟಿಗೆ ಬಿದ್ದು ಮೊದಲು ಹೊಲವನ್ನು, ಆಮೇಲೆ ಹೆಂಡತಿಯ ತಾಳಿಯನ್ನು, ಕೊನೆಗೆ ತನ್ನನ್ನೇ ಕಳೆದುಕೊಂಡ. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಅವನಿಗೆ ಅದು ತಡವಾಗಿತ್ತು. ಸಾರಾಯಿ ನಿಂತ ಮೇಲೂ ಸಂಕಟ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿರೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರ ಒಡೆದ ಹಿಮ್ಮಡಿಗಳ ಎದುರು ನನ್ನ ಲೋಟದ ಘಮವನ್ನು ಹೊಗಳಲು ನಾಚಿಕೆಯಾಗುತ್ತದೆ. ಆ ನಾಚಿಕೆಯನ್ನು ಇಟ್ಟುಕೊಂಡೇ ಒಂದು ಮಾತು ಹೇಳಬೇಕು. ಚಿಕ್ಕಪ್ಪ ಒಂದು ದಿನವೂ ರುಚಿ ನೋಡಿ ಕುಡಿದವನಲ್ಲ. ಮೂಗು ಹಿಡಿದು ಒಂದೇ ಗುಟುಕಿಗೆ ಇಳಿಸುತ್ತಿದ್ದ. ಆ ಪ್ಯಾಕೆಟ್ಟಿನಲ್ಲಿ ಕಾಳಾಗಲಿ ಹಂಗಾಮಾಗಲಿ ಉಳಿದಿರಲಿಲ್ಲ. ಉಳಿದದ್ದು ಪೆಟ್ಟು ಮಾತ್ರ. ನೋಡಬೇಕಾದ್ದು ಏನೂ ಇಲ್ಲದ ಕಡೆ ಮನುಷ್ಯ ಅವಸರ ಪಡುತ್ತಾನೆ. ರುಚಿ ಬಲ್ಲವರೆಲ್ಲ ಮಿತಿ ಬಲ್ಲವರು ಅಂತಲೂ ನಾನು ಹೇಳಲಾರೆ, ಹಾಗಲ್ಲದವರನ್ನು ಕಂಡಿದ್ದೇನೆ. ಆ ಸಂಜೆ ಮುಕ್ಕಾಲು ಲೀಟರಿನ ಒಂದು ಸೀಸೆ ಎರಡು ಗಂಟೆ ಬಂತು, ಅಷ್ಟನ್ನು ಮಾತ್ರ ಹೇಳಬಲ್ಲೆ.

ಕತ್ತಲಾಗುತ್ತಿತ್ತು. ಕೋಡಿಹಳ್ಳಿ, ತಿಪ್ಪಸಂದ್ರ, ಕೋನೇನ ಅಗ್ರಹಾರ, ನಮ್ಮ ಸುತ್ತಲಿನ ಬಸ್ಸಿನ ಬೋರ್ಡುಗಳಲ್ಲಿ ಹಳ್ಳಿಗಳ ಹೆಸರು ಇನ್ನೂ ಉಳಿದಿವೆ. ಬಡಾವಣೆಗಳು ಬರುವ ಮುಂಚೆ ಇವು ರಾಗಿ ನೆಲ. ಹಿಂದೆ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುವ ವಿಮಾನಗಳ ಸದ್ದಿಗೆ ಈ ಬಾಲ್ಕನಿಯಲ್ಲಿ ಮಾತು ನಿಲ್ಲಿಸಬೇಕಾಗುತ್ತಿತ್ತು. 2008ರಲ್ಲಿ ಆ ವಿಮಾನಗಳು ಅಪ್ಪ ಚಕ್ಕೋತ ತರುತ್ತಿದ್ದ ದೇವನಹಳ್ಳಿಗೇ ಹೋದವು. ನಮ್ಮ ಬಡಾವಣೆಗೆ ಮಾತ್ರ ಹಳ್ಳಿಯ ಹೆಸರಿಲ್ಲ, ಎಲ್‌ಐಸಿಯ ಹೆಸರು. ಜೀವನ್ ಬಿಮಾ ಅಂದರೆ ಜೀವವಿಮೆ. ಅಪ್ಪ ಆ ಸಂಸ್ಥೆಯಲ್ಲಿ ಗುಮಾಸ್ತರಾಗಿದ್ದವರು. ಎರಡು ಕೈಗಳು ದೀಪವನ್ನು ಕಾಯುತ್ತಿರುವ ಅದರ ಲಾಂಛನವಿದ್ದ ಒಂದು ಹಳೆಯ ಕ್ಯಾಲೆಂಡರನ್ನು ಅಮ್ಮ ದೇವರ ಮನೆಯ ಪಕ್ಕದಿಂದ ಇನ್ನೂ ತೆಗೆದಿಲ್ಲ.

ಚಳಿಗಾಲದಲ್ಲಿ ಮಾಡಿ ಬೇಸಿಗೆಗೆ ಇಡುವುದೂ ಒಂದು ವಿಮೆಯೇ ಅಂತ ನಾನು ಅಂದೆ. ಅಮ್ಮ ತಲೆಯಾಡಿಸಿ ಹಗೇವಿನ ಮಾತು ತೆಗೆದಳು. ಅವಳ ಊರಿನಲ್ಲಿ ರಾಗಿಯನ್ನು ನೆಲದೊಳಗೆ ಹಗೇವು ತೋಡಿ, ಹುಲ್ಲು ಒತ್ತಿ, ಬಾಯಿ ಮುಚ್ಚಿ ಮಣ್ಣು ಮೆತ್ತಿ ಇಡುತ್ತಿದ್ದರು. ವರ್ಷಗಟ್ಟಲೆ ಹುಳು ಬೀಳದು. ಮಳೆ ಕೈಕೊಟ್ಟ ವರ್ಷ ತೆಗೆಯುವುದು. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಬರವನ್ನು ಅವಳ ಮುತ್ತಜ್ಜಿ ‘ಧಾತು ಬರ’ ಅನ್ನುತ್ತಿದ್ದಳಂತೆ. ಹಗೇವು ತುಂಬಿದ್ದ ಮನೆಗೂ ಬರಿದಾಗಿದ್ದ ಮನೆಗೂ ಆಗ ಇದ್ದ ಅಂತರ ಜೀವ ಸಾವಿನದು.

“ಹಗೇವು ತೆಗೆದ ತಕ್ಷಣ ಇಳಿಯೋ ಹಾಗಿಲ್ಲ. ಒಳಗೆ ಕೆಟ್ಟಗಾಳಿ ತುಂಬಿರತ್ತೆ. ನಮ್ಮಪ್ಪ ಹಗ್ಗಕ್ಕೆ ಲಾಟೀನು ಕಟ್ಟಿ ಮೊದಲು ಅದನ್ನ ಇಳಿಸೋರು.”

ಅಳಿಯ ಮುಂದಕ್ಕೆ ಬಾಗಿದ. ಬ್ರಸೆಲ್ಸ್‌ನ ಒಂದು ಬಿಯರ್ ಮನೆಯಲ್ಲಿ ಹುದುಗುವ ತೊಟ್ಟಿಗೆ ತಲೆ ಹಾಕಬೇಡಿ ಅಂತ ಅವನಿಗೂ ಎಚ್ಚರಿಸಿದ್ದರಂತೆ. ಕಾಳು ಉಸಿರಾಡಿದರೂ ಯೀಸ್ಟ್ ದುಡಿದರೂ ಹೊರಬರುವುದು ಅದೇ ಇಂಗಾಲದ ಡೈಆಕ್ಸೈಡ್. ನಮ್ಮ ಲೋಟದ ತಳದಿಂದ ಸಾಲುಸಾಲಾಗಿ ಮೇಲೇಳುತ್ತಿದ್ದದ್ದೂ ಅದೇ. ಸೀಸೆಯ ಅಡಿಯಲ್ಲಿ ಒಂದು ಬೆರಳು ಗಸಿ ಉಳಿದಿತ್ತು, ಇಷ್ಟೆಲ್ಲ ಮಾಡಿ ಮುಗಿಸಿದ ಯೀಸ್ಟ್. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ ಮೆಲ್ಲಗೆ ಕೆಳಗಿಟ್ಟ.

“ಲಾಟೀನು ಆರಿಹೋದ್ರೆ ಏನು ಮಾಡ್ತಿದ್ರಿ ಅಜ್ಜಿ?”

“ಏನ್ ಮಾಡೋದು, ಗಾಳಿ ಆಡ್ಲಿ ಅಂತ ಬಾಯಿ ತೆಗೆದಿಟ್ಟು ಮನೆಗೆ ಬರ್ತಿದ್ವಿ. ಮಾರನೇ ದಿನ ಮತ್ತೆ ಇಳಿಸೋದು.”