ವ್ಯಾಪಾರದ ಗುಟ್ಟು ಮತ್ತು ಜ್ಞಾನದಾನ

ಇಂದಿನ ಧರ್ಮಪುರಿಗೆ ಹಿಂದೆ ತಗಡೂರು ಎಂಬ ಹೆಸರಿದ್ದಿತು. ಒಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ನೊಳಂಬ ದೊರೆ ಮಹೇಂದ್ರನ ಆಳ್ವಿಕೆಯಲ್ಲಿ, ನಿಧಿಯಣ್ಣ ಮತ್ತು ಚಂಡಿಯಣ್ಣ ಎಂಬ ವಣಿಕ ಸಹೋದರರು ಆ ಊರಿನಲ್ಲಿ ಬಸದಿಯೊಂದನ್ನು ಕಟ್ಟಿಸಿದರೆಂದು ಅಲ್ಲಿಯ ಕನ್ನಡ ಶಾಸನವು ತಿಳಿಸುತ್ತದೆ. ದೊರೆಯಿಂದ ಪಡೆದ ಗ್ರಾಮವನ್ನು ನಿಧಿಯಣ್ಣನು ಬಸದಿಯ ಪೂಜೆ ಹಾಗೂ ಜೀರ್ಣೋದ್ಧಾರಕ್ಕಾಗಿ ಕನಕಸೇನ ಭಟಾರರಿಗೆ ಒಪ್ಪಿಸಿದನು. ವಣಿಕರ ಧನದಾನವು ಹೀಗೆ ಕಲ್ಲಿನಲ್ಲಿ ಉಳಿದಿದೆ. ಆದರೆ ಅವರು ತಮ್ಮ ವ್ಯಾಪಾರದ ವಿದ್ಯೆಯನ್ನು ಯಾರಿಗೆ ಕಲಿಸಿದರೆಂಬುದನ್ನು ಆ ಶಾಸನವು ಹೇಳುವುದಿಲ್ಲ. ಧನವನ್ನು ಕೊಟ್ಟವನ ಹೆಸರು ಕಲ್ಲಿಗೆ ಏರುತ್ತದೆ. ದಾರಿಯನ್ನು ತೋರಿಸಿದವನ ಹೆಸರು ಸಾಮಾನ್ಯವಾಗಿ ಎಲ್ಲಿಗೂ ಏರುವುದಿಲ್ಲ.

ಶ್ರಾವಕನಿಗೆ ಹೇಳಲಾದ ದಾನಗಳು ನಾಲ್ಕು: ಆಹಾರ, ಔಷಧ, ಶಾಸ್ತ್ರ ಮತ್ತು ಅಭಯ. ಮೊದಲ ಎರಡನ್ನು ಸಮಾಜವು ಬಹು ಶ್ರದ್ಧೆಯಿಂದ ನಡೆಸಿಕೊಂಡು ಬಂದಿದೆ. ಅನ್ನಛತ್ರಗಳಿವೆ, ಔಷಧಾಲಯಗಳಿವೆ. ಆದರೆ ಹೊಸ ಉದ್ಯಮವನ್ನು ಆರಂಭಿಸಬಯಸುವ ಯುವಕನೋ ಯುವತಿಯೋ ಬಂದು, ಈ ವ್ಯವಹಾರದಲ್ಲಿ ಎಲ್ಲಿ ನಷ್ಟವಾಗುತ್ತದೆ, ಯಾರಿಗೆ ಸಾಲ ಕೊಡಬಾರದು, ಸರಕಿನ ನಿಜವಾದ ಬೆಲೆ ಎಷ್ಟು ಎಂದು ಕೇಳಿದಾಗ, ಅನುಭವಿಗಳಾದ ಹಿರಿಯರು ಎಷ್ಟು ಮಂದಿ ಉಳಿಸಿಕೊಳ್ಳದೆ ಹೇಳುತ್ತಾರೆ? ಬಲ್ಲ ವಿದ್ಯೆಯನ್ನು ಮುಚ್ಚಿಡುವುದು ವ್ಯಾಪಾರ ಧರ್ಮವೇ, ದೋಷವೇ ಎಂಬುದು ಇಲ್ಲಿ ವಿಚಾರಣೀಯ ಪ್ರಶ್ನೆ.

ಪ್ರಶ್ನೆ ಚಿಕ್ಕದಲ್ಲ. ಹೊಸ ಉದ್ಯಮಕ್ಕೆ ಮೊದಲು ಹಾಕುವ ಬಂಡವಾಳವು ಬಹುತೇಕ ತಂದೆಯ ಉಳಿತಾಯ, ತಾಯಿಯ ಒಡವೆ ಅಥವಾ ಮನೆಯ ಅಡಮಾನವಾಗಿರುತ್ತದೆ. ಅದೇ ಬೀದಿಯ ಹಿರಿಯನೊಬ್ಬನಿಗೆ ತಿಳಿದಿದ್ದ ಒಂದು ಮಾತು ತಿಳಿಯದೆ ಹೋದುದರಿಂದ ಆ ಬಂಡವಾಳ ಕರಗಿದರೆ, ಅದು ಕೇವಲ ಲೆಕ್ಕದ ನಷ್ಟವಲ್ಲ. ಒಂದು ಕುಟುಂಬದ ನೆಮ್ಮದಿಯ ನಷ್ಟ.

ಆದರೂ ಮೌನವಾಗಿರುವ ಹಿರಿಯನ ವಾದವನ್ನು ಕೇಳದೆ ತಳ್ಳಿಹಾಕುವುದು ನ್ಯಾಯವಲ್ಲ. ಗೃಹಸ್ಥನಿಗೆ ಕುಟುಂಬ ಪಾಲನೆಯ ಹೊಣೆಯಿದೆ. ಇಪ್ಪತ್ತು ವರ್ಷ ಪಟ್ಟ ಶ್ರಮದಿಂದ ಗಳಿಸಿದ ಅನುಭವವನ್ನು ಕೊಟ್ಟು, ಕಲಿತವನೇ ನಾಳೆ ಎದುರಿನಲ್ಲಿ ಅಂಗಡಿ ತೆರೆದರೆ ಗತಿಯೇನು ಎಂಬ ಭಯ ಸಹಜವೇ. ಈ ಭಯಕ್ಕೆ ಸೇಲಂ ಸೀಮೆಯ ಇತಿಹಾಸವೇ ಒಂದು ಉತ್ತರವನ್ನು ಇರಿಸಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶಗಳಿಂದ ಸಬ್ಬಕ್ಕಿಯ ಆಮದು ನಿಂತಿತ್ತು. ಸೇಲಂನ ವರ್ತಕರಾದ ಮಾಣಿಕ್ಕಂ ಚೆಟ್ಟಿಯಾರ್ ವ್ಯಾಪಾರಕ್ಕಾಗಿ ಕೇರಳಕ್ಕೆ ಹೋಗಿಬರುತ್ತಿದ್ದರು. ಮರಗೆಣಸಿನ ಹಿಟ್ಟಿನ ಉಪಯೋಗವನ್ನು ಅಲ್ಲಿ ಕಂಡಿದ್ದರು. ಮಲಯಾದ ಪೆನಾಂಗ್‌ನಿಂದ ಬಂದ ಪೋಪಟ್‌ಲಾಲ್ ಷಾ ಅವರಿಗೆ ಸಬ್ಬಕ್ಕಿ ತಯಾರಿಸುವ ವಿಧಾನ ಗೊತ್ತಿತ್ತು. ಒಬ್ಬರದು ತಮಿಳು, ಮತ್ತೊಬ್ಬರದು ಗುಜರಾತಿ ಮನೆತನ. ಇಬ್ಬರೂ ಸೇರಿ 1943ರಲ್ಲಿ ಅತ್ಯಂತ ಸರಳ ಉಪಕರಣಗಳಿಂದ ತಯಾರಿಕೆಯನ್ನು ಆರಂಭಿಸಿದರು. ವೆಂಕಟಾಚಲ ಗೌಂಡರ್ ಎಂಬ ಕುಶಲ ಯಂತ್ರಕರ್ಮಿ ಉಪಕರಣಗಳನ್ನು ತಿದ್ದಿ ಉತ್ತಮಪಡಿಸಿದ ಮೇಲೆ ದಿನಕ್ಕೆ ಎರಡು ಚೀಲವಿದ್ದ ಉತ್ಪಾದನೆ ಇಪ್ಪತ್ತೈದು ಚೀಲಕ್ಕೆ ಏರಿತು. (ಮರಗೆಣಸು ಕಂದಮೂಲವಾದುದರಿಂದ ವ್ರತಿಗಳಿಗೆ ಅದರ ಸೇವನೆ ಬೇರೆಯೇ ವಿಚಾರ, ಇಲ್ಲಿನ ಪ್ರಸ್ತಾಪ ಆಹಾರದ್ದಲ್ಲ, ವಿದ್ಯೆಯದು.) ವಿಧಾನ ತಿಳಿದವನು, ಮಾರುಕಟ್ಟೆ ತಿಳಿದವನು, ಯಂತ್ರ ತಿಳಿದವನು ತಮ್ಮ ತಮ್ಮ ಅರಿವನ್ನು ಬೇರೆ ಬೇರೆಯಾಗಿ ಬಚ್ಚಿಟ್ಟಿದ್ದರೆ ಈ ಉದ್ಯಮ ಹುಟ್ಟುತ್ತಲೇ ಇರಲಿಲ್ಲ.

ವಿದ್ಯೆ ಹರಡಿತು, 1949ರ ವೇಳೆಗೆ ಸೇಲಂ ಜಿಲ್ಲೆಯಲ್ಲಿ 45 ಘಟಕಗಳಿದ್ದವು. ಹರಡಿದ್ದರಿಂದ ಸ್ಪರ್ಧೆ ಬಂದುದು ನಿಜ. ಆದರೆ 1944ರ ಕ್ಷಾಮಕಾಲವನ್ನು ಇಲ್ಲಿ ನೆನೆಯಬೇಕು. ಮರಗೆಣಸನ್ನು ಸಬ್ಬಕ್ಕಿಗೆ ಬಳಸಬಾರದು, ಜಿಲ್ಲೆಯಿಂದ ಹೊರಗೆ ಸಾಗಿಸಬಾರದು ಎಂದು ಜಿಲ್ಲಾ ಕಲೆಕ್ಟರರು ಆಜ್ಞೆ ಹೊರಡಿಸಿದಾಗ, ತಯಾರಕರು ಸಂಘವನ್ನು ಕಟ್ಟಿಕೊಂಡು ಸರ್ಕಾರದ ಮುಂದೆ ತಮ್ಮ ಅಹವಾಲನ್ನಿಟ್ಟು ಆ ಆಜ್ಞೆಯನ್ನು ರದ್ದುಮಾಡಿಸಿಕೊಂಡರು. ಗುಟ್ಟನ್ನು ಒಬ್ಬನೇ ಹಿಡಿದಿದ್ದ ಪಕ್ಷದಲ್ಲಿ ಅವನ ಕಾರ್ಖಾನೆ ಒಂದೇ ಆಜ್ಞೆಗೆ ಮುಚ್ಚಿಹೋಗುತ್ತಿತ್ತು. ಮುಂದೆ ಗೋದಾಮು, ಸಾಲ, ಮಾರಾಟಗಳ ತೊಂದರೆ ಹೆಚ್ಚಿದಾಗ 1981ರಲ್ಲಿ ಸೇಲಂನಲ್ಲಿ ಸಾಗೋಸರ್ವ್ ಎಂಬ ಸಹಕಾರ ಸಂಘವನ್ನು ಸ್ಥಾಪಿಸಿದವರೂ ಇಂತಹ ತಯಾರಕರೇ. ಎದುರಾಳಿಯೆಂದು ಭಯಪಟ್ಟವನೇ ಕಷ್ಟಕಾಲದಲ್ಲಿ ಜೊತೆಗಾರನಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆದರೆ ಲಾಭವಾಗುತ್ತದೆ ಎಂಬ ಕಾರಣದಿಂದ ಮಾತ್ರ ಕಲಿಸುವುದಾದರೆ, ಲಾಭವಿಲ್ಲದೆಡೆ ಕಲಿಸಬೇಕಾಗಿಲ್ಲ ಎಂದಾಗುತ್ತದೆ. ಜೈನ ಕರ್ಮಸಿದ್ಧಾಂತವು ಇನ್ನೂ ಆಳಕ್ಕೆ ಇಳಿಯುತ್ತದೆ. ಜ್ಞಾನವನ್ನು ಮರೆಮಾಡುವ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ನಿಹ್ನವ ಮತ್ತು ಮಾತ್ಸರ್ಯಗಳನ್ನೂ ಸೇರಿಸಿದೆ. ಬಲ್ಲುದನ್ನು ತಿಳಿಯದೆಂದು ಮರೆಮಾಚುವುದು ನಿಹ್ನವ. ಯೋಗ್ಯನು ಕೇಳಿದರೂ, ಇವನೂ ತನ್ನ ಸಮನಾದಾನು ಎಂಬ ಅಸೂಯೆಯಿಂದ ಕಲಿಸದಿರುವುದು ಮಾತ್ಸರ್ಯ. ಈ ಮಾತುಗಳ ಮೂಲ ಸಂದರ್ಭ ತತ್ತ್ವಜ್ಞಾನವೇ ಹೊರತು ಅಂಗಡಿಯ ಲೆಕ್ಕವಲ್ಲ. ಆದರೂ ಮನಸ್ಸಿನ ದೋಷವು ಎರಡೂ ಕಡೆ ಒಂದೇ. ಮುಚ್ಚಿಟ್ಟವನ ಆವರಣವು ಮೊದಲು ಕವಿಯುವುದು ಮುಚ್ಚಿಟ್ಟವನನ್ನೇ. ಗುಟ್ಟನ್ನು ಕಾಯುವುದರಲ್ಲಿಯೇ ಆಯುಷ್ಯ ಕಳೆದವನು ಹೊಸದನ್ನು ಕಲಿಯುವ ಶಕ್ತಿಯನ್ನು ಕಳೆದುಕೊಳ್ಳುವುದನ್ನು ಯಾವ ಪೇಟೆಯಲ್ಲಾದರೂ ಕಾಣಬಹುದು.

ಹಾಗೆಂದು ಎಲ್ಲವನ್ನೂ ಎಲ್ಲರಿಗೂ ಹೇಳುವುದೇ ಧರ್ಮವೆಂದು ತಿಳಿಯಬಾರದು. ಪಾಲುದಾರನು ನಂಬಿ ಹೇಳಿದ ಮಾತು, ಗ್ರಾಹಕನ ಲೆಕ್ಕ ಇವು ಪರರ ಸ್ವತ್ತು; ಅವನ್ನು ಹಂಚಲು ಹಿರಿಯನಿಗೆ ಅಧಿಕಾರವಿಲ್ಲ. ಅಂತೆಯೇ, ಸಲಹೆ ಕೇಳಲು ಬಂದ ಕಿರಿಯನ ಆಲೋಚನೆಯನ್ನು ತನ್ನದಾಗಿಸಿಕೊಳ್ಳುವುದು ಅಚೌರ್ಯ ವ್ರತಕ್ಕೆ ಭಂಗ. ಮನಸ್ಸು ನೋಯಬಾರದೆಂದು ಹುರುಳಿಲ್ಲದ ಯೋಜನೆಯನ್ನು ಹೊಗಳುವುದೂ ದಯೆಯಲ್ಲ. ಇಂದು ಮೃದುವಾಗಿ ಹೇಳದ ಸತ್ಯವನ್ನು ನಾಳೆ ಸಾಲಗಾರನು ಕಠೋರವಾಗಿ ಹೇಳುತ್ತಾನೆ. ಕೌಶಲವನ್ನು ಕಲಿಸಿ ನಡತೆಯನ್ನು ಕಲಿಸದಿದ್ದರೆ ಅದೂ ಅಪೂರ್ಣ. ಸಬ್ಬಕ್ಕಿಯಲ್ಲಿ ಮೆಕ್ಕೆಜೋಳದ ಪಿಷ್ಟವನ್ನು ಬೆರೆಸುವ, ಬಿಳುಪಿಗಾಗಿ ರಾಸಾಯನಿಕಗಳನ್ನು ಬಳಸುವ ದೂರುಗಳು ಕೇಳಿಬಂದಾಗ ಪ್ರಾಮಾಣಿಕ ತಯಾರಕನ ಹೆಸರಿಗೂ ಕಳಂಕ ತಟ್ಟಿತು. ವಿದ್ಯೆಯೊಡನೆ ಚಾರಿತ್ರವೂ ದಾಟಬೇಕೆಂಬುದಕ್ಕೆ ಇದು ಸಾಕ್ಷಿ.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಸ್ಟಾರ್ಟ್‌ಅಪ್ ಇಂಡಿಯಾ ಯೋಜನೆಯನ್ನು ಆರಂಭಿಸಿತು. ಸೇಲಂನ ಸೋನಾ ತಾಂತ್ರಿಕ ಕಾಲೇಜಿನಂತಹ ಸಂಸ್ಥೆಗಳಲ್ಲಿ ಹೊಸ ಉದ್ಯಮಗಳ ಪೋಷಣಾ ಕೇಂದ್ರಗಳಿವೆ. ಕಟ್ಟಡ, ಯಂತ್ರ, ಸಹಾಯಧನಗಳನ್ನು ಇಂತಹ ಯೋಜನೆಗಳು ಒದಗಿಸಬಲ್ಲವು. ತಾನು ಎಡವಿದ ಕಲ್ಲನ್ನು ತೋರಿಸುವ ಹಿರಿಯನನ್ನು ಮಾತ್ರ ಯಾವ ಯೋಜನೆಯೂ ತಯಾರಿಸಲಾರದು. ತನ್ನ ಗೆಲುವನ್ನು ಹೇಳುವುದು ಸುಲಭ. ತನ್ನ ನಷ್ಟದ ಲೆಕ್ಕವನ್ನು ಕಿರಿಯನ ಮುಂದೆ ತೆರೆದಿಡಲು ಅಹಂಕಾರ ತ್ಯಾಗ ಬೇಕು. ಆ ಮಾತನ್ನು ಕೇಳಿದ ಕಿರಿಯನಿಗೆ ಸೋಲಿನ ಭಯ ಅರ್ಧ ಇಳಿಯುತ್ತದೆ. ಜ್ಞಾನದಾನವು ಅಭಯದಾನವೂ ಆಗುವುದು ಅಲ್ಲಿಯೇ.

ಉತ್ಸವದ ದಿನಗಳಲ್ಲಿ ಕನ್ನಡ, ತಮಿಳು, ಗುಜರಾತಿ, ಮಾರವಾಡಿ ಮಾತನಾಡುವ ಕುಟುಂಬಗಳು ಒಂದೇ ಮಂಟಪದಲ್ಲಿ ಸೇರುತ್ತವೆ. ಪೂಜೆ ಮುಗಿದ ಮೇಲೆ, ಹೊಸದಾಗಿ ಅಂಗಡಿಯನ್ನೋ ಕಾರ್ಖಾನೆಯನ್ನೋ ತೆರೆಯಲಿರುವ ಒಬ್ಬ ಕಿರಿಯನ ಪಕ್ಕದಲ್ಲಿ ಒಬ್ಬ ಹಿರಿಯನು ಅರ್ಧ ಗಂಟೆ ಕುಳಿತರೆ ಅದಕ್ಕೆ ರಸೀದಿಯಿಲ್ಲ, ಶಾಸನವೂ ಇಲ್ಲ. ಆದರೂ ಆ ವರ್ಷದ ದಾನಗಳಲ್ಲಿ ಅದು ಕಡಿಮೆಯದೇನೂ ಆಗಲಾರದು.